ಬಾಯಿಂದ ಬಟ್ಟಲಿಗೆ ಬಂದ ಮೊಳೆಗಳು

ಸೋಫಾ ಮಾಡುವವರು ಸಣ್ಣ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು; ಇನ್ನೊಂದು ಕೈ ತುಟಿಯಿಂದ ಮೊಳೆ ತೆಗೆದು, ಸುತ್ತಿಗೆಯಿಂದ ಹೊಡೆಯಬೇಕು. ಅಷ್ಟು ಹೊತ್ತೂ ಮೂಗಿನಲ್ಲೇ ಉಸಿರಾಟ.

ನಮ್ಮ ಬೀದಿಯ ಸೋಫಾ ಮೇಸ್ತ್ರಿ ಈಚೆಗೆ ಮೊಳೆಗಳನ್ನು ಬಟ್ಟಲಿಗೆ ಹಾಕಿಕೊಳ್ಳತೊಡಗಿದ್ದ. ಅದು ಹೆಂಡತಿಯ ಕಣ್ಣಿಗೆ ಬಿತ್ತು.

"ಯಾಕ್ರೀ, ಬಾಯಿಗೇನಾಯ್ತು?"

"ಹಲ್ಲು ಸಡಿಲ ಕಣೇ. ಮೊಳೆ ನುಂಗಿಬಿಟ್ರೆ ನೀನೇ ಅಳಬೇಕು."

"ಮಲಗೋಕೆ ಎರಡೆರಡು ದಿಂಬು ಬೇಕಾಗೋದೂ ಹಲ್ಲಿಗೇನಾ?"

ಅವನು ಬಟ್ಟಲಿಂದ ಇನ್ನೊಂದು ಮೊಳೆ ತೆಗೆದು ಹೊಡೆದ. ಅವನಿಗೆ ಬಿಪಿ ಇದೆ ಎಂದು ಗೊತ್ತಾಗಿ ವರ್ಷಗಳಾಗಿದ್ದವು. ತಲೆ ನೋಯುವ ದಿನ ಮಾತ್ರ ಮಾತ್ರೆ ನುಂಗುತ್ತಿದ್ದ. ತಲೆ ನೋಯದಿದ್ದರೆ ಬಿಪಿಯೂ ಇಲ್ಲ ಎನ್ನುವುದು ಅವನ ಲೆಕ್ಕ. ಬಿಪಿ ಇದ್ದ ಅವನ ತಮ್ಮನ ಲೆಕ್ಕವೂ ಅದೇ.

ಅಂದು ಸಂಜೆ ಎದುರುಮನೆಯ ನರ್ಸಮ್ಮ ರಿಪೇರಿಗೆ ಕೊಟ್ಟಿದ್ದ ತನ್ನ ಕುರ್ಚಿ ಕೇಳಲು ಬಂದಳು. ಮೇಸ್ತ್ರಿಯ ಊದಿದ ಕಾಲು ನೋಡಿ, ಬಗ್ಗಿ ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಹಾಗೇ ಉಳಿಯಿತು.

"ಇಡೀ ದಿನ ನಿಲ್ಲೋನ ಕಾಲಮ್ಮ, ಊದದೆ ಏನ್ಮಾಡುತ್ತೆ? ಎದೆನೋವಂತೂ ಇಲ್ಲ."

"ನೋವಿಲ್ಲ ಅನ್ನೋದೇ ಭಯ ಅಣ್ಣ. ಬಿಪಿ ಜಾಸ್ತಿ ಇದ್ರೆ ಹೃದಯ ಒಂದೇ ಸಮ ಹೆಣಗಬೇಕು. ಅದರ ಸ್ನಾಯು ದಪ್ಪ ಆಗುತ್ತೆ, ಬಿಗಿಯಾಗುತ್ತೆ, ಕೊನೆಗೆ ಸೋಲುತ್ತೆ. ಎಷ್ಟೋ ವರ್ಷ ಸುಳಿವೇ ಸಿಗಲ್ಲ. ಸಿಕ್ಕಿದ್ರೂ ನಾವು ಒಪ್ಕೋತೀವಾ? ಭಾರ ಎತ್ತೋದು ನಿಲ್ಲಿಸ್ತೀವಿ, ಮೆಟ್ಟಿಲ ಮಧ್ಯೆ ನಿಂತು ಹರಟೆ ಹೊಡೀತೀವಿ..."

"ಮೊಳೆ ಬಟ್ಟಲಿಗೆ ಹಾಕ್ತೀವಿ," ಅಂದಳು ಹೆಂಡತಿ.

ಮೇಸ್ತ್ರಿಗೆ ರೇಗಿತು. ಬಟ್ಟಲಿಂದ ಒಂದು ಹಿಡಿ ಮೊಳೆ ಬಾಯಿಗೆ ಸುರಿದುಕೊಂಡು ಕುರ್ಚಿಯ ಮೇಲೆ ಬಗ್ಗಿದ. ಸುತ್ತಿಗೆ ಕೆಲವು ಏಟು ಹೊಡೆದು ನಿಂತಿತು. ಮೊಳೆಗಳೆಲ್ಲ ನೆಲಕ್ಕೆ ಉದುರಿದವು. ಬಾಯಿ ತೆರೆದು ಏದುಸಿರು ಬಿಡುತ್ತ ಅವನು ಕುರ್ಚಿಯನ್ನೇ ಹಿಡಿದುಕೊಂಡ.

ಹೆಂಡತಿ ನೆಲದಲ್ಲಿ ಕೂತು ಮೊಳೆ ಆರಿಸತೊಡಗಿದಳು. ತಲೆ ಎತ್ತಲಿಲ್ಲ.

"ಬೆಳಗ್ಗೆ ಆಸ್ಪತ್ರೆಗೆ ಹೋಗೋಣ ಬಿಡು," ಎಂದ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿದರು. ಸ್ನಾಯು ದುರ್ಬಲವಾಗಿತ್ತು. "ಔಷಧಿಯಿಂದ ಸುಧಾರಿಸಬಹುದು. ಪೂರ್ತಿ ಮೊದಲಿನ ಹಾಗಾಗುತ್ತೆ ಅಂತ ಮಾತು ಕೊಡಲಾರೆ. ಮುಂಚೆಯೇ ಬರಬೇಕಿತ್ತು," ಎಂದರು ಡಾಕ್ಟರು.

"ಮುಂಚೆ ನನಗೇನೂ ಆಗಿರಲಿಲ್ಲವಲ್ಲ ಸಾರ್."

"ಆಗಲೇ ಬರಬೇಕಿತ್ತು."

ಈಗ ಮೇಸ್ತ್ರಿ ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ. ಮನೆಯವರೆಲ್ಲ ಉಪ್ಪು ಕಡಿಮೆ ಮಾಡಿದ್ದಾರೆ. ತಮ್ಮನನ್ನು ಅತ್ತಿಗೆಯೇ ಬೈದು ಪರೀಕ್ಷೆಗೆ ಕರೆದೊಯ್ದಳು. ಮೊಳೆಗಳು ಮಾತ್ರ ಇನ್ನೂ ಬಟ್ಟಲಲ್ಲೇ ಇವೆ.

ನಿಮಗೆ ಬಿಪಿ ಇದೆಯೇ? ತಲೆನೋವಿಗೆ ಕಾಯಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಹೃದಯದ ಪರೀಕ್ಷೆ ಬೇಕೇ ಎಂದು ನೀವಾಗಿಯೇ ಕೇಳಿ. ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡಬೇಡಿ. ಕೂತಲ್ಲೇ ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಮನೆಯವರೇ, ನಿಮ್ಮವರು ಸದ್ದಿಲ್ಲದೆ ಯಾವ ಕೆಲಸ ಬಿಟ್ಟಿದ್ದಾರೆ, ಇಂದೇ ಗಮನಿಸಿ. ಅವರು ತಾವಾಗಿ ಹೇಳುವುದಿಲ್ಲ.