ಲವಂಗದ ಸೀಸೆ

ಒಂದೇ ತಿಂಗಳಲ್ಲಿ ಗಂಗಾಂಬಿಕೆಗೆ ಗಂಡನೂ ಹೋದ, ಮೂಗೂ ಹೋಯಿತು. ಕೊರೊನಾ ಇಬ್ಬರನ್ನೂ ಹಿಡಿದಿತ್ತು. ಕುಣಿಗಲ್ಲಿನಲ್ಲಿ ಹೆಡ್‌ಮಾಸ್ಟರಾಗಿ ಹೆಸರು ಮಾಡಿದ್ದ ಅಡವಿಯಪ್ಪ ಉಳಿಯಲಿಲ್ಲ; ಇವಳು ಉಳಿದಳು, ಆದರೆ ವಾಸನೆ ಅನ್ನುವುದೇ ತಿಳಿಯದಂತಾಯಿತು. ಅದೊಂದು ಕೊರತೆ ಅಂತ ಇವಳಿಗೆ ಅನಿಸಿರಲೇ ಇಲ್ಲ.

ಕಳೆದ ತಿಂಗಳು ಉಪ್ಪಾರಹಳ್ಳಿಯ ಮಗನ ಮನೆಯಲ್ಲಿ ಗ್ಯಾಸ್ ಸೋರುತ್ತಿದ್ದರೂ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೆದರಿದ ಮಗ ಚನ್ನೇಶ್ ಡಾಕ್ಟರ ಮಾತಿನಂತೆ ನಾಲ್ಕು ಸೀಸೆ ಎಣ್ಣೆ ತಂದ: ಗುಲಾಬಿ, ನಿಂಬೆ, ನೀಲಗಿರಿ, ಲವಂಗ. ವಾಸನೆ ಮರಳಿ ಬರಲು ದಿನಾ ಬೆಳಿಗ್ಗೆ ಒಂದೊಂದಾಗಿ ಮೂಸಬೇಕು.

"ನಿಮ್ಮ ಮೂಗು ಹಿಂಗೇ ಇರ್ಲಿ ಅತ್ತೆ, ನನ್ ಸಾರು ಸೀದಿದ್ದು ಗೊತ್ತಾಗಲ್ಲ," ಎಂದು ಸೊಸೆ ಶಿಲ್ಪಾ ನಗುತ್ತಿದ್ದಳು.

ಇಪ್ಪತ್ತು ದಿನ ಏನೂ ತಿಳಿಯಲಿಲ್ಲ. ಇವತ್ತು ಮಗ ಲವಂಗದ ಸೀಸೆ ಹಿಡಿದಾಗ ಘಾಟು ನೇರ ನೆತ್ತಿಗೇರಿತು. ಗಂಗಾಂಬಿಕೆಯ ಎರಡೂ ಕೈ ತಾವಾಗಿ ಮುಖಕ್ಕೆ ಅಡ್ಡ ಬಂದವು.

ಅಡವಿಯಪ್ಪ ಕುಡಿಯುತ್ತಾನೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಠದವರೂ ಮೆಚ್ಚುವ ಮನುಷ್ಯ. ಕುಡಿದ ಮೇಲೆ ಬಾಯ್ತುಂಬ ಲವಂಗ ಅಗಿದೇ ಬೀದಿಗೆ ಇಳಿಯುತ್ತಿದ್ದ. ಬಾಗಿಲಲ್ಲಿ ಲವಂಗ ಘಮ್ಮೆಂದರೆ ಇವಳು ಬಳೆ ಬಿಚ್ಚಿಡುತ್ತಿದ್ದಳು, ಒಡೆದರೆ ಕೈಗೆ ಚುಚ್ಚುತ್ತವೆಂದು.

"ಯಾಕಮ್ಮ, ಬಂತಾ ವಾಸ್ನೆ?" ಚನ್ನೇಶನ ಮುಖ ಅರಳಿತು. "ಅಪ್ಪಾಜಿ ವಾಸ್ನೆ ಕಣಮ್ಮ ಇದು! ಸಂಜೆ ಬಂದೋರೇ ನನ್ನ ಎತ್ಕೊಂಡು ಮುದ್ದು ಮಾಡೋರು, ಬಾಯೆಲ್ಲಾ ಲವಂಗ. ಪೆಪ್ಪರ್‌ಮೆಂಟ್ ಕೊಟ್ಟು ಆಟಕ್ಕೆ ಕಳಿಸೋರು. ಎಂಥಾ ಮನುಷ್ಯ!"

ನಿನ್ನ ಆಚೆ ಕಳಿಸಿ ಅಗುಳಿ ಹಾಕೋರು ಕಣೋ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ನಲವತ್ತೈದರ ಮಗನ ಕಣ್ಣು ತುಂಬಿತ್ತು. ಅವನ ಪಾಲಿಗೆ ಅಪ್ಪ ಅಂತ ಉಳಿದಿದ್ದು ಆ ಲವಂಗದ ಘಮ ಅಷ್ಟೇ.

"ಏನೂ ಬರ್ಲಿಲ್ಲ ಕಣಪ್ಪ. ಸೀಸೆ ಮೂಗಿಗೆ ತಗುಲ್ತು, ಅದಕ್ಕೆ," ಎಂದಳು.

ಅವನು ಸಪ್ಪಗಾದ. ಆಮೇಲೆ ಹತ್ತಿಯ ಉಂಡೆಯೊಂದನ್ನು ಲವಂಗದೆಣ್ಣೆಯಲ್ಲಿ ಅದ್ದಿ ತಂದು ಅವಳ ಸೆರಗಿಗೆ ಪಿನ್ನಿನಿಂದ ಸಿಕ್ಕಿಸಿದ.

"ಬೇರೇವು ಬೇಡ. ಇದೊಂದು ದಿನವೆಲ್ಲಾ ಇರ್ಲಿ. ನೋಡ್ತಿರು, ಅಪ್ಪಾಜಿನೇ ನಿನ್ ಮೂಗು ವಾಪಸ್ ಕೊಡಿಸ್ತಾರೆ," ಎಂದು ಗುಬ್ಬಿ ಪಟ್ಟಣದ ಕೆಲಸಕ್ಕೆ ಹೊರಟು ಬೈಕ್ ಹತ್ತಿದ.

ಕಿತ್ತೆಸೆದರೆ ಸಂಜೆ ಯಾಕೆಂದು ಕೇಳುತ್ತಾನೆ. ಗಂಗಾಂಬಿಕೆ ಸೆರಗನ್ನು ಹಾಗೇ ಬಿಟ್ಟು, ಬಾಯಿಂದಲೇ ಉಸಿರಾಡುತ್ತಾ ಅಕ್ಕಿ ತೊಳೆಯಲು ಎದ್ದಳು.