ದೂರಿನ ಕೌಂಟರಿನ ಭೂತ

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದರು ಅಂತಾರಲ್ಲ, ಹಾಗೆ ಅಂಗಡಿಯಕ್ಕ ಭೂತವನ್ನು ಕೆಲಸಕ್ಕಿಟ್ಟುಕೊಂಡಳು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿ ಅವಳದು. ಕೆಲಸಕ್ಕೆ ಜನ ಬೇಕು ಅಂತ ಬಾಗಿಲಿಗೆ ಬೋರ್ಡು ಹಾಕಿದ್ದಳು. ಜನ ಬರಲಿಲ್ಲ, ಭೂತ ಬಂತು. ಮುಚ್ಚುಮರೆ ಮಾಡಲಿಲ್ಲ, ಪಾಪ.

"ಸಂಬಳ ಬೇಡಕ್ಕಾ. ಆದ್ರೆ ಒಂದು ಕೆಲಸ ಮುಗೀತು ಅಂದಕೂಡ್ಲೆ ಇನ್ನೊಂದು ಕೊಡ್ಬೇಕು. ಕೊಡ್ದಿದ್ರೆ ನಿಮ್ಮನ್ನೇ ನುಂಗ್ಬಿಡ್ತೀನಿ. ಹುಟ್ಟುಗುಣ, ಬೇಜಾರು ಮಾಡ್ಕೋಬೇಡಿ."

"ಅಂಗಡೀಲಿ ಕೆಲಸಕ್ಕೇನು ಬರವೇ? ಬಾ ಒಳಗೆ," ಅಂದಳು ಅಕ್ಕ. ತಂಗಿ ಬಿಟ್ಟುಹೋದ ಮೇಲೆ ಅಂಗಡಿಯನ್ನು ಒಬ್ಬಳೇ ಎಳೆದು ಎಳೆದು ಅವಳಿಗೂ ಸಾಕುಸಾಕಾಗಿತ್ತು.

ಅಯ್ಯೋ, ಆ ಬೆಳಗ್ಗೆಯ ಪಾಡು! ಗೋದಾಮು ಗುಡಿಸು ಅಂದರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಗುಡಿಸಿತು. ಪೆಟ್ಟಿಗೆಗಳನ್ನು ಜೋಡಿಸು ಅಂದರೆ ಅವಳ ಮಾತು ಮುಗಿಯುವ ಮೊದಲೇ ಜೋಡಿಸಿ, "ಆಯ್ತು. ಮುಂದಿಂದು?" ಅಂತ ಬಂದು ನಿಂತಿತು. ಊಟದ ಹೊತ್ತಿಗೆ ಹೇಳಲು ಏನೂ ಉಳಿದಿರಲಿಲ್ಲ. ಭೂತದ ಬಾಯಿ ಮೆಲ್ಲಗೆ ಅಗಲವಾಗತೊಡಗಿತು.

ಅಷ್ಟರಲ್ಲಿ ಮುದುಕ ಟೈಲರ್ ಇಸ್ತ್ರಿಪೆಟ್ಟಿಗೆ ಹಿಡಿದು ಬಂದ. ಹೆಂಡತಿ ತೀರಿಕೊಂಡಾಗಿನಿಂದ ದಿನಾ ಬರುವ ಆಸಾಮಿ. ಒಂದು ದಿನ ಬಿಸಿ ಜಾಸ್ತಿ ಅನ್ನುವನು, ಇನ್ನೊಂದು ದಿನ ಬಿಸಿಯೇ ಆಗಲ್ಲ ಅನ್ನುವನು. ಅದಕ್ಕೇನೂ ಆಗಿಲ್ಲವೆಂದು ಅಕ್ಕ ನೂರು ಸಲ ಸಾಗಹಾಕಿದ್ದಳು.

"ಇವರ ದೂರು ನೋಡು," ಅಂದಳು, ಬದುಕಿದೆಯಾ ಬಡಜೀವವೇ ಅನ್ನುತ್ತ.

ಭೂತ ಇಸ್ತ್ರಿಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿತು. "ಚೆನ್ನಾಗೇ ಇದೆಯಲ್ಲ ಯಜಮಾನ್ರೇ. ಮತ್ತೇನು ತೊಂದ್ರೆ?"

ಮತ್ತೇನು ಅಂತ ಅವನನ್ನು ಯಾರೂ ಕೇಳಿರಲಿಲ್ಲ. ಟೈಲರ್ ಸ್ಟೂಲಿನ ಮೇಲೆ ಕೂತ. ಅವನು ಹೊಲಿದದ್ದಕ್ಕೆ ಹೆಂಡತಿ ಗುಂಡಿ ಹಾಕುತ್ತಿದ್ದದ್ದು, ಕಾಲರ್ ಸೊಟ್ಟಗಿದೆ ಅಂತ ಕಾಲು ಕೆರೆದು ಜಗಳ ತೆಗೆಯುತ್ತಿದ್ದದ್ದು, ಈಗ ಸೊಟ್ಟ ಹೊಲಿದರೂ ಕೇಳುವವರಿಲ್ಲದ್ದು, ಒಂದೊಂದೇ ಹೊರಗೆ ಬಂತು. ಅಂಗಡಿ ಮುಚ್ಚುವ ತನಕ ಹೇಳಿದ. ಮರುದಿನವೂ ಬಂದು ಹೇಳಿದ. ಮುಗಿಯದ ಕೆಲಸ ಸಿಕ್ಕಿತಲ್ಲ, ಭೂತ ಕದಲದೆ ಕೂತು ಕೇಳಿತು. ಅಕ್ಕ ನೆಮ್ಮದಿಯಾಗಿ ಉಂಡಳು.

ಎಷ್ಟು ದಿನ ನಡೆದೀತು? ಒಂದು ಸಂಜೆ ಟೈಲರ್ ಬರಿಗೈಲಿ ಬಂದ. "ಮನಸ್ಸು ಹಗುರ ಆಯ್ತಪ್ಪಾ. ಮಗಳ ಮನೆಗೆ ಹೊರಟೆ," ಅಂತ ಭೂತದ ಭುಜ ತಟ್ಟಿ ಹೋದ.

ಭೂತ ಎದ್ದಿತು. "ಆಯ್ತಕ್ಕಾ. ಮುಂದಿಂದು?"

"ಆ ಫ್ಯಾನು ಸದ್ದು ಮಾಡುತ್ತೆ." ಸದ್ದು ನಿಂತಿತು. "ಷಟರ್ ಬಿಗಿ ಇದೆ." ಸಡಿಲವಾಯಿತು. "ಬಲ್ಬು..." ಉರಿಯಿತು. ಬಾಯಿ ಅಗಲವಾಗುತ್ತ ಹತ್ತಿರ ಬಂತು. ಒಳಗೆ ಬರೀ ಕತ್ತಲು. ಅಕ್ಕ ಹಿಂದೆ ಹಿಂದೆ ಸರಿದು ಟೈಲರ್ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು.

"ನಂದೂ ಒಂದು ದೂರಿದೆ." ಮಾತು ತಾನಾಗಿ ಬಾಯಿಗೆ ಬಂದಿತ್ತು. "ನನ್ನ ತಂಗಿ ಮಾತು ಬಿಟ್ಟಿದ್ದಾಳೆ."

ಭೂತದ ಬಾಯಿ ಮುಚ್ಚಿತು. "ಯಾಕೆ?"

"ಇಬ್ರೂ ಸೇರಿ ಕಟ್ಟಿದ ಅಂಗಡಿ ಇದು. ಅವಳು ಗಿರಾಕಿಗಳ ಕಷ್ಟಸುಖ ಕೇಳ್ತಾ ನಿಲ್ಲೋಳು. ನಂಗೆ ಮೈ ಉರಿಯೋದು. ಒಂದಿನ ಎಲ್ಲರೆದುರಿಗೆ ಅಂದ್ಬಿಟ್ಟೆ, 'ನೀನಿದ್ರೂ ಒಂದೇ, ಇಲ್ದಿದ್ರೂ ಒಂದೇ' ಅಂತ. ಹೊರಟೇಹೋದ್ಲು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು." ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಅಳಲೂ ಪುರುಸೊತ್ತು ಮಾಡಿಕೊಂಡಿರಲಿಲ್ಲ. "ಇದನ್ನ ಸರಿ ಮಾಡ್ತೀಯಾ?"

ಭೂತ ತನ್ನ ಕೈಗಳನ್ನು ನೋಡಿಕೊಂಡಿತು. ಆಮೇಲೆ ಕೌಂಟರಿನ ಮೇಲಿದ್ದ ಫೋನನ್ನು ಅವಳ ಕಡೆ ಸರಿಸಿತು.

"ಇದು ನನ್ನ ಕೈಲಾಗೋದಲ್ಲಕ್ಕಾ. ನೀವೇ ಮಾಡ್ಬೇಕು."

ಹುಟ್ಟಿದಾಗಿನಿಂದ ಕೆಲಸ ಕೇಳಿಕೊಂಡೇ ಬಂದ ಭೂತ ಮೊದಲ ಸಲ ಇನ್ನೊಬ್ಬರಿಗೆ ಕೆಲಸ ಹೇಳಿತ್ತು. ಅಕ್ಕ ತಂಗಿಯ ನಂಬರ್ ಒತ್ತಿದಳು. ಆ ಕಡೆ ರಿಂಗಾಗುತ್ತಲೇ ಇತ್ತು. ಭೂತ ಎದುರಿಗೆ ಕೈಕಟ್ಟಿಕೊಂಡು, ಮಾಡಲು ಏನೂ ಇಲ್ಲದೆ ಸುಮ್ಮನೆ ಕೂತಿತ್ತು. ನುಂಗಲಿಲ್ಲ.

"ಯಾರು?" ಅಂತು ತಂಗಿಯ ದನಿ.

"ನಾನು ಕಣೇ," ಅಂದಳು ಅಕ್ಕ. "ನೀನಿಲ್ದೆ ಆಗ್ತಿಲ್ಲ."