ಎಡಮಂಡಿಯ ವಿಭೂತಿ

ಬೂಟು ಕೀರಿದ ಸದ್ದು, ಮತ್ತೆ ಕೀರಿತು, ಹಸಿ ಬಳಪವನ್ನು ಹಲಗೆಯ ಮೇಲೆ ಎಳೆದ ಹಾಗೆ, ಹಲ್ಲಿನ ಬೇರಿಗೇ ತಾಗುತ್ತದೆ, ಇವತ್ತು ಬಾಸ್ಕೆಟ್‌ಬಾಲ್ ಫೈನಲ್, ನೆಲಕ್ಕೆ ನೀಲಿ ಬಣ್ಣ ಬಳಿದಿದ್ದಾರೆ, ಅದರ ಮೇಲೆ ಇಷ್ಟೊಂದು ಹುಡುಗಿಯರ ಕಾಲು ಓಡುತ್ತಿವೆ, ನನಗೆ ಕಾಣುವುದು ಒಂದೇ ಕಾಲು, ಕಪ್ಪು ನೀಕ್ಯಾಪಿನೊಳಗೆ ಮುಚ್ಚಿಕೊಂಡ ಎಡಗಾಲು, ನನ್ನ ಮೊಮ್ಮಗಳು ಶೀತಲ್‌ಳದು — ನಿಧಾನ ಯವ್ವಾ, ಆ ಕಾಲಿನ ಮ್ಯಾಲೆ ಭಾರ ಹಾಕಬ್ಯಾಡ, ಎಂದು ಒಳಗೇ ಹೇಳಿಕೊಳ್ಳುತ್ತೇನೆ, ಹೊರಗೆ ಹೇಳುವಂತಿಲ್ಲ, ಮಾತು ಕೊಟ್ಟಿದ್ದೇನೆ, ಕೊರಳಿನ ಲಿಂಗ ಮುಟ್ಟಿ ಕೊಟ್ಟಿದ್ದೇನೆ. ಇಂದಿರಾನಗರದ ಆ ಡಾಕ್ಟರ ಕೋಣೆ ತಣ್ಣಗಿತ್ತು, ಗೋಡೆಯ ದೀಪಕ್ಕೆ ಚಿತ್ರ ಹಿಡಿದು ತೋರಿಸಿದರು, ಬೂದಿ ಬಣ್ಣದ ಚಿತ್ರ, ಲಿಗಮೆಂಟು ಅರ್ಧ ಹರಿದಿದೆ, ಇನ್ನೊಂದು ಸಲ ತಿರುಚಿದ್ರೆ ಪೂರ್ತಿ ಹೋಗುತ್ತೆ, ಆಮೇಲೆ ಆಟ ಇರಲಿ, ಮೆಟ್ಟಿಲು ಹತ್ತೋದೂ ಕಷ್ಟ, ಕೋಚ್‌ಗೆ ನೀವೇ ಹೇಳ್ಬೇಕಮ್ಮ, ನಿಮ್ಮನ್ನ ಕೇಳದೆ ನಾನು ಯಾರಿಗೂ ಹೇಳೋ ಹಾಗಿಲ್ಲ. ಹೇಳ್ತೀನಿ ಡಾಕ್ಟ್ರೇ, ಫೈನಲ್ ಮುಗೀಲಿ, ಎಂದಳು ಹುಡುಗಿ, ಮುಖದಲ್ಲಿ ಏನೂ ಕಾಣಗೊಡದೆ, ಆ ಮುಖ ನಾನು ಮೊದಲು ಎಲ್ಲಿ ನೋಡಿದ್ದೆ ಎಂದು ಆಟೋ ಹತ್ತುವವರೆಗೂ ಹುಡುಕಿದೆ, ಪ್ರೇಮಕ್ಕನದು ಅದು, ಅವಳ ಅಜ್ಜಿಯದು, ನನ್ನ ಹೆಂಡತಿಯದು. ಕಗ್ಗದಾಸಪುರದ ರೈಲ್ವೆ ಗೇಟು ಬಿದ್ದಿತ್ತು, ರೈಲು ಬರುವವರೆಗೆ ಆಟೋದೊಳಗೆ ಕುಳಿತು ಹೇಳಿದಳು, ಅಜ್ಜಾ, ಅಪ್ಪಗೂ ಹೇಳ್ಬೇಡ, ಕೋಚ್ ಶಾಂಭವಿ ಮ್ಯಾಮ್‌ಗೂ ಹೇಳ್ಬೇಡ, ಕೂರಿಸಿಬಿಡ್ತಾರೆ, ಆ ಫ್ಯಾನ್ ಪೇಜ್‌ನೋರಿಗೆ ಗೊತ್ತಾದ್ರಂತೂ ನನ್ನ ಕಾಲು ನನಗಿಂತ ಮೊದಲು ಊರೆಲ್ಲ ಸುತ್ತುತ್ತೆ. ನಕ್ಕೆ. ನಗ್ಬೇಡ, ಲಿಂಗ ಮುಟ್ಟಿ ಹೇಳು. ಮುಟ್ಟಿದೆ. ರೈಲು ಹೋಯಿತು, ಗೇಟು ಎದ್ದಿತು.

ತಮಟೆ, ತಮಟೆ, ಮುಂದಿನ ಸಾಲಿನ ಈ ಹುಡುಗನಿಗೆ ಕೈ ನೋಯುವುದಿಲ್ಲವೇ, ಅನೀಸ್ ಅಂತೆ, ಕೆನ್ನೆಗೆ ಕಾಲೇಜಿನ ಬಣ್ಣ ಮೆತ್ತಿಕೊಂಡಿದ್ದಾನೆ, ಪಕ್ಕದಲ್ಲಿ ಫೋನು ಹಿಡಿದು ನಿಂತವಳು ಸುಜಾತಾ, ಕೂತುಕೊಂಡದ್ದನ್ನೇ ನಾನು ನೋಡಲಿಲ್ಲ, ತಾತ, ನೀವು ಯಾರ ಕಡೆ, ಎಂದು ಕೇಳಿದಳು, ನಿಮ್ಮ ಕಡೇನ ಅವ್ವ, ಹಂಗಾದ್ರೆ ಕೂಗಿ ತಾತ, ಸುಮ್ನೆ ಕೂರೋರಿಗೆ ಇಲ್ಲಿ ಜಾಗ ಇಲ್ಲ. ಒಳ್ಳೆಯ ಮಕ್ಕಳು, ಬಾಯಿ ಸ್ವಲ್ಪ ಜೋರು. ನಾನು ಯಾರ ಅಜ್ಜ ಎಂದು ಹೇಳಲಿಲ್ಲ, ಹೇಳಿದ್ದರೆ ಕೇಳುತ್ತಿದ್ದರು, ಶೀತಲಕ್ಕ ಸೆಮಿಫೈನಲ್‌ನಲ್ಲಿ ಯಾಕೆ ಕುಂಟಿದ್ರು, ಜ್ವರಾನಾ, ಕಾಲಾ, ಮನೇಲಿ ಏನಂದ್ರು, ಆ ಪೇಜಿನಲ್ಲಿ ಅದೇ ಮಾತು, ಶೀತಲ್ ಒಮ್ಮೆ ತೋರಿಸಿದ್ದಳು, ಅವಳು ಮೆಟ್ರೋ ಮೆಟ್ಟಿಲು ಇಳಿಯುವುದನ್ನು ಯಾರೋ ಹಿಂದಿನಿಂದ ಹಿಡಿದು ಹಾಕಿದ್ದರು, ಕಾಲು ಹೇಗೆ ಊರುತ್ತಾಳೆ ನೋಡಿ ಎಂದು ಬರೆದು, ಕೆಳಗೆ ನೂರಾರು ಜನ ವೈದ್ಯರಾಗಿದ್ದರು. ಪ್ರೀತಿಯೇ ಅದು, ಇಲ್ಲ ಅನ್ನಲಾರೆ, ಪ್ರೇಮಕ್ಕನ ಮಣ್ಣಿನ ದಿನ ಮನೆ ತುಂಬಿದವರದೂ ಪ್ರೀತಿಯೇ, ಯಾವಾಗ ಗೊತ್ತಾತ್ರಿ ಸಂಗನಬಸಪ್ಪನವರ, ಯಾವ ಸ್ಟೇಜು, ಎದಿಯಾಗ ಅಂತಲ್ರಿ, ಎದೆ ಎನ್ನುವಾಗ ಮಾತ್ರ ದನಿ ಇಳಿಸುತ್ತಿದ್ದರು, ಪ್ರೇಮಕ್ಕ ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದಳು, ಕೊರಳಿಗೆ ಹಾರ ಹಾಕಿಸಿಕೊಂಡು, ಕೇಳಿಸಿಕೊಳ್ಳುವವಳ ಹಾಗೆ. ಬದುಕಿದ್ದಾಗ ಸೆರಗು ಜಾರಗೊಡದವಳು. ಸಂಜೂಗ ಹೇಳಬ್ಯಾಡ್ರಿ, ಕೂಸಿನ ಪರೀಕ್ಷೆ ಮುಗೀಲಿ, ಎಂದಿದ್ದಳು, ಆಮೇಲೆ ಹಬ್ಬ ಆಗಲಿ, ಆಮೇಲೆ ಮಳಿ ನಿಲ್ಲಲಿ, ಮಗ ಸಂಜು ಸಂಜೆ ಆಫೀಸಿನಿಂದ ಬಂದು ಬೂಟು ಬಿಚ್ಚುತ್ತ ಕೇಳುವನು, ಅಪ್ಪಾ, ಅವ್ವ ಯಾಕ ಸೊರಗ್ಯಾಳ, ಏನಿಲ್ಲೋ, ಎಂದೆ, ಏನಿಲ್ಲ, ಅವಳ ಮಾತು ಅದು, ನನ್ನ ಬಾಯಲ್ಲಿ ಇಟ್ಟಿದ್ದಳು — ಬುಟ್ಟಿಗೆ ಬಿತ್ತು, ಎಲ್ಲರೂ ಎದ್ದರು, ಶೀತಲ್ ಹಾಕಿದ್ದು, ಬಲಗಾಲಿನ ಮೇಲೆ ಇಳಿದಳು, ಶಿವಾ, ಬಲಗಾಲು.

ಮತ್ತೆ ಆ ಹುಡುಗಿ, ಎದುರಿನ ಕಾಲೇಜಿನ ಎತ್ತರದವಳು, ಮತ್ತೆ ಎಡಗಡೆಯಿಂದಲೇ ಬಂದಳು, ಸೊಂಟ ತಾಗಿಸಿ ನಿಂತಳು, ಶೀತಲ್ ತಿರುಗಲೇಬೇಕು, ಆ ಕಾಲನ್ನೇ ಊರಿ ತಿರುಗಬೇಕು, ಶುರುವಿನಲ್ಲಿ ಹೀಗಿರಲಿಲ್ಲ, ಈಗ ಇನ್ನೊಬ್ಬಳೂ ಎಡಕ್ಕೆ, ಸುಜಾತಾಳೂ ನೋಡಿದಳು, ಯಾಕೋ ಎಲ್ರೂ ಶೀತಲಕ್ಕನ ಎಡಗಡೆನೇ ಬೀಳ್ತಾವ್ರೆ. ಅನೀಸ್ ತಮಟೆ ನಿಲ್ಲಿಸಿದ, ನಿನ್ ಫೋಟೋ ನೋಡೇ ಇರ್ಬೇಕು ಕಣೇ. ನಾನೇನ್ ಮಾಡ್ದೆ, ಭಕ್ತಿ ಚೆನ್ನಾಗಿದೆ ಅಂತ ಹಾಕ್ದೆ. ಕೆಳಗಡೆ ಓದಿದ್ಯಾ, ಅವರ ಕಾಲೇಜಿನೋರು ಏನ್ ಬರ್ದವ್ರೆ ನೋಡು. ಯಾವ ಫೋಟೋ ಅವ್ವ, ಎಂದು ನಾನೇ ಕೈ ಚಾಚಿದೆ, ಸುಜಾತಾ ಫೋನನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. ಇವತ್ತಿನ ಬೆಳಗಿನ ಅಭ್ಯಾಸ, ಶೀತಲ್ ಬೆಂಚಿನ ಮೇಲೆ ಕುಳಿತು ನೀರು ಕುಡಿಯುತ್ತಿದ್ದಾಳೆ, ಸೆಕೆಗೆ ನೀಕ್ಯಾಪನ್ನು ಕೆಳಗೆ ಸರಿಸಿದ್ದಾಳೆ, ಎಡಮಂಡಿಯ ಮೇಲೆ ಮೂರು ಬಿಳಿ ಗೆರೆ, ಎರಡು ಪೂರ್ತಿ, ಮೂರನೆಯದು ಅರ್ಧಕ್ಕೆ ನಿಂತದ್ದು, ನನ್ನ ಕೈ ಅದು, ಉಂಗುರಬೆರಳಿನ ತುದಿ ಕಾರ್ಖಾನೆಯ ಯಂತ್ರಕ್ಕೆ ಹೋದ ನನ್ನ ಕೈ, ಮೂರನೆಯ ಗೆರೆ ಯಾವತ್ತೂ ಪೂರ್ತಿ ಬೀಳುವುದಿಲ್ಲ. ಶಿವನೇ ನಮ್ಮ ಡಿಫೆನ್ಸು, ಎಂದು ಸುಜಾತಾ ಬರೆದಿದ್ದಾಳೆ. ಕೆಳಗೆ ಯಾರೋ, ಒಂದೇ ಕಾಲಿಗೆ ಯಾಕೆ ಹಚ್ಚವ್ಳೆ. ಅದರ ಕೆಳಗೆ ಇನ್ಯಾರೋ, ನೋಯೋ ಕಾಲು ಮಗಾ, ನಮ್ಮಜ್ಜಿನೂ ನೋವಿರೋ ಕಡೆನೇ ಹಚ್ಚೋದು. ಅದರ ಕೆಳಗೆ, ಸಿಕ್ತಲ್ಲ ಗುರು, ಎಡಗಡೆ ಹೊಡೀರಿ.

ನಮ್ಮಜ್ಜಿನೂ. ಯಾರ ಮನೆಯ ಅಜ್ಜಿಯೋ, ಅವಳ ಮೊಮ್ಮಗನಿಗೆ ನನ್ನ ಬೆರಳು ಓದಲು ಬಂತು. ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿಯ ಗಟ್ಟಿಯನ್ನು ಅಂಗೈ ನೀರಿನಲ್ಲಿ ತೇಯುತ್ತಿದ್ದೆ, ಬೂಟಿನ ದಾರ ಕಟ್ಟುತ್ತಿದ್ದವಳು ತಾನೇ ಕಾಲು ಚಾಚಿದಳು, ಸಣ್ಣವಳಿದ್ದಾಗ ಬಿದ್ದು ಬಂದು ಅಜ್ಜಿಯ ಮುಂದೆ ಚಾಚುತ್ತಿದ್ದ ಹಾಗೆ, ಹಚ್ಚು ಅಜ್ಜಾ, ಮೇಲೆ ನೀಕ್ಯಾಪ್ ಬರುತ್ತೆ, ಯಾರಿಗ್ ಕಾಣುತ್ತೆ. ನಾಲಿಗೆಯನ್ನು ಇಷ್ಟು ದಿನ ಕಟ್ಟಿಟ್ಟೆ, ಸಂಜು ಊಟಕ್ಕೆ ಕುಳಿತಾಗ ಕಟ್ಟಿಟ್ಟೆ, ಬೆರಳನ್ನು ಕಟ್ಟಲಿಲ್ಲ. ನೋಯುವ ಕಡೆಗೆ ಹಚ್ಚಬೇಕು, ಅಷ್ಟೇ ಗೊತ್ತು ನನಗೆ, ಪ್ರೇಮಕ್ಕನ ಹಣೆಗೆ ಹಚ್ಚಿದೆ, ನೋವಿದ್ದ ಕಡೆ ಹಚ್ಚಗೊಡಲಿಲ್ಲ ಅವಳು, ಅವಳು ಹೋದ ಮೇಲೆ ಮಂಡಿಗೆ ಹಚ್ಚಿದೆ, ಆಸ್ಪತ್ರೆಯಿಂದ ತರುವಷ್ಟರಲ್ಲಿ ಹೊತ್ತಾಗಿತ್ತು, ಕಾಲು ಮಡಚಲಿಲ್ಲ, ಮಣ್ಣಿನಲ್ಲಿ ಕೂಡಿಸಬೇಕಲ್ಲ, ಲಿಂಗ ಅಂಗೈಯಲ್ಲಿಟ್ಟು ಪದ್ಮಾಸನದಲ್ಲಿ ಕೂಡಿಸಬೇಕು, ಅಯ್ಯನವರು ಬಿಸಿನೀರು ತರಿಸಿದರು, ಹೆಂಗಸರು ನೀವಿದರು, ನೀವಿ ನೀವಿ ಕೊನೆಗೆ ಮಡಚಿತು, ಈಗ ನೀವ ಹಚ್ಚರಿ ಯಜಮಾನರ, ಮೂರು ಬೆರಳು ಅದ್ದಿ ಎಡಮಂಡಿಗೆ ಹಚ್ಚಿದೆ, ಬಲಮಂಡಿಗೆ ಹಚ್ಚಿದೆ, ಎರಡು ಗೆರೆ ಪೂರ್ತಿ, ಮೂರನೆಯದು ಅರ್ಧಕ್ಕೆ, ಅಷ್ಟು ಜನ ನೋಡುತ್ತಿದ್ದರು, ಒಂದು ಬಟ್ಟೆ ಹೊದಿಸಿರಿ ಎಂದು ಹೇಳಲು ನನಗೆ ತೋಚಲಿಲ್ಲ — ಸೀಟಿ, ಯಾರೋ ಬಿದ್ದರು, ಯಾರು, ಶೀತಲ್ ಅಲ್ಲ, ಅಲ್ಲ, ಶೀತಲ್ ನಿಂತಿದ್ದಾಳೆ, ಎಡಗೈಯಿಂದ ನೀಕ್ಯಾಪನ್ನು ಒತ್ತಿ ಹಿಡಿದಿದ್ದಾಳೆ, ಸುಮ್ಮನೆ ಸರಿಮಾಡಿಕೊಳ್ಳುವವಳ ಹಾಗೆ. ಹಾಫ್ ಟೈಮ್, ಎಂದ ಅನೀಸ್. ತಾತ, ಎಲ್ಲಿಗೆ ಎದ್ರಿ, ಕಾಫಿ ತರ್ಬೇಕಾ, ಬ್ಯಾಡಪ್ಪ, ಎಂದೆ, ಆ ಚಿತ್ರ ತಗದಬಿಡವ್ವ ಅದು ನನ್ನ ಮೊಮ್ಮಗಳ ಕಾಲು, ಎಂದೂ ಅಂದೆನೇನೋ, ಏಕೆಂದರೆ ಸುಜಾತಾಳ ಮುಖ ಒಮ್ಮೆಲೇ ಸಣ್ಣದಾಯಿತು, ಅನೀಸ್ ಮತ್ತೆ ತಮಟೆ ಬಾರಿಸಲಿಲ್ಲ.

ಮೆಟ್ಟಿಲು ಇಳಿದೆ, ಸಿಮೆಂಟಿನ ಮೆಟ್ಟಿಲು, ಕಂಬಿ ಹಿಡಿದು, ಹೇಳುವಂತಿಲ್ಲ ಎಂದು ಒಂದು ಕಾಲು, ಹೇಳಬೇಕು ಎಂದು ಇನ್ನೊಂದು, ಲಿಂಗ ಎದೆಗೆ ತಾಗಿತು, ಅದೇನೂ ಹೇಳಲಿಲ್ಲ. ಬೆಂಚಿನ ಹತ್ತಿರ ಶೀತಲ್ ನನ್ನನ್ನು ನೋಡಿ ತಲೆ ಆಡಿಸಿದಳು, ಬೇಡ ಎಂದು. ಅವರಿಗೆ ಗೊತ್ತಾಗ್ಯಾದವ್ವ, ನಾ ಹಚ್ಚಿದ ಇಬತ್ತಿ ಗೆರಿ ನೋಡಿ ತಿಳಕೊಂಡಾರ, ಎಡಗಾಲಿಗೇ ಬರಲಿಕ್ಕತ್ತಾರ. ಗೊತ್ತು ಅಜ್ಜಾ, ಗೊತ್ತಾಯ್ತು ಆಡೋವಾಗ್ಲೇ, ಇನ್ನರ್ಧ ಇದೆ, ಆಡಿಬಿಡ್ತೀನಿ, ನೀನು ಸುಮ್ನಿರು, ಮಾತು ಕೊಟ್ಟಿದೀಯ. ಹಬ್ಬ ಆಗಲಿ, ಮಳಿ ನಿಲ್ಲಲಿ. ಅಷ್ಟರಲ್ಲಿ ಶಾಂಭವಿ ಮೇಡಂ ತಿರುಗಿದರು, ಕೊರಳಲ್ಲಿ ಸೀಟಿ, ಕೈಯಲ್ಲಿ ನೀರಿನ ಬಾಟಲಿ, ಏನ್ ಅಂಕಲ್, ಇಲ್ಲೀವರೆಗೂ ಬಂದ್ಬಿಟ್ರಿ, ಏನಾದ್ರೂ ಇದೆಯಾ. ಏನಿಲ್ಲ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಎಷ್ಟು ಅಭ್ಯಾಸದ ಮಾತು, ಸಂಜು ಬೂಟು ಬಿಚ್ಚುತ್ತಿದ್ದಾನೆ, ಅವ್ವ ಯಾಕ ಸೊರಗ್ಯಾಳ, ಪ್ರೇಮಕ್ಕ ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಾಳೆ, ಅದ ರೀ, ಎಂದೆ. ಅಷ್ಟೇ. ಅದ. ಏನು ಎಂದು ಹೇಳಲಿಲ್ಲ, ಎಲ್ಲಿ ಎಂದು ಹೇಳಲಿಲ್ಲ, ಕಣ್ಣನ್ನೂ ಅತ್ತ ಹೊರಳಿಸಲಿಲ್ಲ, ನೆಲದ ನೀಲಿ ನೋಡುತ್ತ ನಿಂತೆ. ಮೇಡಂ ನನ್ನಿಂದ ಶೀತಲ್‌ಳ ಕಡೆಗೆ ನೋಡಿದರು. ಅವಳು ನನ್ನ ಕಡೆ ನೋಡಿದ ನೋಟ, ಅದನ್ನು ಹೊತ್ತುಕೊಂಡೇ ನಾನು ಹೋಗಬೇಕು ಇನ್ನು. ಆಮೇಲೆ ಅವಳೇ ಬಗ್ಗಿ ನೀಕ್ಯಾಪು ಕೆಳಗೆ ಜಾರಿಸಿದಳು, ಎಡಮಂಡಿ ಮ್ಯಾಮ್, ಲಿಗಮೆಂಟು, ಸ್ಕ್ಯಾನ್ ಮಾಡ್ಸಿದೀನಿ, ನಾನೇ ಹೇಳ್ಲಿಲ್ಲ. ಅವಳೇ ಹೇಳಿದಳು. ಅವಳ ಕಾಲು, ಅವಳೇ ಹೇಳಿದಳು.

ಕೂತ್ಕೋ, ಎಂದರು ಮೇಡಂ, ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತೇನೋ, ಬೆಂಚಿನ ತುದಿಗೆ ಕೂಡಿಸಿ ಮಂಜುಗಡ್ಡೆಯ ಚೀಲ ಮಂಡಿಯ ಮೇಲೆ ಇಟ್ಟು ಬೇರೆ ಹುಡುಗಿಯರ ಕಡೆ ಓಡಿದರು, ಶೀತಲ್ ಎದುರಿನ ಗೋಡೆಯನ್ನೇ ನೋಡುತ್ತಿದ್ದಾಳೆ, ಮೇಲೆ ಗುಜುಗುಜು ಎದ್ದಿದೆ, ಶೀತಲಕ್ಕ ಕೂತ್ರು, ಕಾಲ್ ಹೋಯ್ತಂತೆ, ಝೂಮ್ ಮಾಡು ಮಗಾ, ತಲೆ ಎತ್ತಿದರೆ ಫೋನುಗಳು, ಆ ಕಡೆಯವರದೂ ಈ ಕಡೆಯವರದೂ, ಎಲ್ಲದರ ಕಣ್ಣೂ ಒಂದೇ ಮಂಡಿಯ ಮೇಲೆ, ಅನೀಸ್ ಕೈ ಅಡ್ಡ ಹಿಡಿದು ಯಾರಿಗೋ ಬೇಡ್ವೋ ಎನ್ನುತ್ತಿದ್ದಾನೆ, ಆಗುವುದಿಲ್ಲ ಅವನೊಬ್ಬನಿಂದ. ಹೆಗಲಿನ ವಲ್ಲಿ ತೆಗೆದೆ, ಕೊಡವಿದೆ, ಅವಳ ಮಂಡಿಯ ಮೇಲೆ ಹೊದಿಸಿದೆ, ಮಂಜಿನ ಚೀಲವೂ ಸೇರಿ ಮುಚ್ಚುವ ಹಾಗೆ, ಮೇಲಿನವರಿಗೆ ಬೆನ್ನು ಕೊಟ್ಟು ಮುಂದೆ ಕುಳಿತೆ, ನೆಲದ ಮೇಲೆ, ವಲ್ಲಿಯ ಎರಡೂ ತುದಿ ಹಿಡಿದುಕೊಂಡು. ತೆಗೆದು ಎಸೆಯಬಹುದಿತ್ತು ಅವಳು. ಎಸೆಯಲಿಲ್ಲ. ಸೀಟಿ ಆಯಿತು, ಆಟ ಶುರುವಾಯಿತು, ಬೂಟು ಕೀರುತ್ತಿದೆ, ಕೀರಲಿ, ಬಟ್ಟೆಯ ಕೆಳಗೆ ಮಂಜು ಕರಗಿ ನೀರು ಅವಳ ಮೊಣಕಾಲಿನಿಂದ ನನ್ನ ಕೈಗೆ ಇಳಿಯುತ್ತಿದೆ, ಹಾಲಿನ ಹಾಗೆ ಬೆಳ್ಳಗೆ, ವಲ್ಲಿ ನೆನೆದು ಮಂಡಿಗೆ ಅಂಟಿದೆ, ನೆನೆದ ಬಟ್ಟೆಯೊಳಗಿನಿಂದ ಇನ್ನೂ ಕಾಣುತ್ತಿದೆ, ನನಗೊಬ್ಬನಿಗೇ ಕಾಣುತ್ತಿದೆ, ಎರಡು ಗೆರೆ, ಮತ್ತೆ ಅರ್ಧ — ಎರಡು ಗೆರೆ ಪೂರ್ತಿ, ಮೂರನೆಯದು ಅರ್ಧಕ್ಕೆ